ಕೆಂಪು ಅರಗಿನ ಭರಣಿ

ಓಲ್ಡ್ ಟೌನ್, ಭದ್ರಾವತಿ
12-3-1998

ಸನಾವುಲ್ಲಾ ಅಣ್ಣನವರಿಗೆ ನಮಸ್ಕಾರ.

ಮರದ ಭರಣಿ ತಲುಪಿತು. ನನ್ನ ಕುಂಕುಮಕ್ಕೆಂದು ನಮ್ಮವರು ನಿಮ್ಮ ಲೇತ್‌ನಲ್ಲಿ ಕಡೆದಿಟ್ಟು, ಬಣ್ಣ ಹಾಕುವ ಮೊದಲೇ ತೀರಿಕೊಂಡರು. ಈಗ ನೀವು ಹಾಕಿದ ಅರಗಿನ ಹೊಳಪಿನಲ್ಲಿ ಮುಖ ಕಾಣುತ್ತದೆ.

"ಇನ್ನು ನಂಗ್ಯಾಕಣ್ಣ ಕೆಂಪು? ಕಪ್ಪು ಹಾಕಿ, ಲವಂಗ ತುಂಬಿಡ್ತೀನಿ" ಅಂದಿದ್ದೆ. ತಲೆಯಾಡಿಸಿ ಹೋದವರು ಕೆಂಪನ್ನೇ ಹಾಕಿದ್ದೀರಿ. ಭರಣಿ ತಂದುಕೊಟ್ಟ ಫಿರೋಜಾ ಅತ್ತಿಗೆಯನ್ನು ಕೇಳಿದೆ. "ಕಡೆಯೋವಾಗ್ಲೇ ವಿಶ್ವಣ್ಣ ಕೆಂಪು ಅಂದಿದ್ರಂತೆ. ಅವ್ರ ಮಾತು ಬದಲಾಯಿಸೋಕೆ ನಮ್ಮನೆಯವ್ರು ಒಪ್ಪಲೇ ಇಲ್ಲ" ಅಂದರು.

ದೊಡ್ಡ ಉಪಕಾರ ಮಾಡಿದಿರಿ. ಕುಂಕುಮವನ್ನೇ ತುಂಬಿದ್ದೇನೆ.

ಮುಚ್ಚಳ ತುಸು ಬಿಗಿ. ಈ ಕಡೆ ಬಂದಾಗ ಸಡಿಲ ಮಾಡಿಕೊಡಿ. ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ತೆಗೆಯಬೇಕಲ್ಲ.

ನಿಮ್ಮ ತಂಗಿ,
ಉಮಾಮಹೇಶ್ವರಿ