ಅಪ್ಪನ ದೀಪಕ್ಕೆ ಬಳಿದ ಮಸಿ

ನವೆಂಬರ್ ೧೪, ಗುರುವಾರ

ಆ ಅಂಟು ಕಣ್ಣಿಗೆ ಕಟ್ಟಿದ ಹಾಗೇ ಇದೆ. ಅಪ್ಪನ ಹಳೆಯ ಸೀಮೆಎಣ್ಣೆ ದೀಪವನ್ನು ಶುಚಿ ಮಾಡಲೆಂದು ಇವತ್ತು ನನ್ನ ಅಂಗಡಿಯಲ್ಲಿ ಬಿಚ್ಚಿದೆ. ಅಷ್ಟು ಹಳೆಯದಾಗಿದ್ದರೆ ಗಾಜಿನ ಬುಡ್ಡಿಯನ್ನು ಹಿತ್ತಾಳೆಯ ಕಂಠಕ್ಕೆ ಪ್ಲಾಸ್ಟರಿನಿಂದ ಕೂರಿಸಿರುತ್ತಿದ್ದರು. ಇದರಲ್ಲಿರುವುದು ಈಗಿನ ಕಾಲದ ಅಂಟು. ಅಸಲಿಯನ್ನು ಯಾರೋ ಮಾರಿ ನಕಲಿ ತಂದಿಟ್ಟಿದ್ದಾರೆ. ಅಣ್ಣನದೇ ಕೈವಾಡವೆಂದು ಹಲ್ಲು ಕಡಿಯುತ್ತಾ ಉಜ್ಜಿದೆ.

ಸಂಜೆ ಅಮ್ಮ ಬಂದಳು. ದೀಪವನ್ನು ನೋಡಿದಳು, ನನ್ನ ಮುಖವನ್ನೂ ನೋಡಿದಳು.

"ಇಷ್ಟೊಂದು ಹೊಳಪು ಬೇಡ ಕಣೋ. ನಿಮ್ಮಪ್ಪನ ಕಣ್ಣು ಇನ್ನೂ ಚುರುಕಾಗಿದೆ," ಅಂದಳು.

ಹಾಗಾದರೆ ಮಾರಿದ್ದು ಅಣ್ಣನಲ್ಲ, ಅಮ್ಮನೇ.

ಮಸಿ ತೆಗೆಯುವುದೇ ನನ್ನ ಕಸುಬು. ಅವಳು ಹೋದ ಮೇಲೆ ಆ ಹಿತ್ತಾಳೆಗೆ ಕೈಯಾರೆ ಮಸಿ ಬಳಿದೆ. ನಾಳೆ ಅಪ್ಪ ಅದನ್ನು ಎತ್ತಿ ಹಿಡಿದು, ಹಳೆಯ ಕಳೆ ಹಾಗೇ ಉಳಿಸಿದ್ದೀಯ, ಭೇಷ್ ಅಂದರೆ, ಯಾವ ಮುಖ ಇಟ್ಟುಕೊಂಡು ನಾನು ಅವರೆದುರು ನಿಲ್ಲಲಿ?