ಒಂದೇ ಜೊತೆ ಗಾಲಿ

೬ ಜನವರಿ ೧೯೪೧, ಸೋಮವಾರ

ಇವತ್ತೂ ಅದೇ ಕಥೆ. ಗಿಣಿಗೇರಾ ರಸ್ತೆಯ ಮೂರನೇ ಮೈಲಿಗಲ್ಲು ದಾಟಿದ್ದೇ ತಡ, ಇಂಜಿನ್ ಕಾದು ಕೆಂಡವಾಗಿ ಬಿಗಿದುಕೊಂಡಿತು. ಕೊಪ್ಪಳದ ತನಕ ತಳ್ಳಿಕೊಂಡು ವಾಪಸು. ಜಿನ್ನಿಂಗ್ ಫ್ಯಾಕ್ಟರಿಯ ಹೆಣ್ಣಾಳುಗಳು ಹತ್ತಿ ಆರಿಸುವುದು ಬಿಟ್ಟು ನಕ್ಕರು. ನಗಲಿ.

ಶಂಕ್ರಮ್ಮ ಬಾಗಿಲಲ್ಲೇ ನಿಂತಿದ್ದಳು. "ಬಂತೇನ್ರಿ ನಿಮ್ಮ ಎಮ್ಮಿ? ಹೋಗಾಗ ಏರಿಕೊಂಡು ಹೋಗ್ತೀರಿ, ಬರೋವಾಗ ಹೊಡಕೊಂಡು ಬರ್ತೀರಿ."

ಬೇರೆ ಯಾರಾದರೂ ಅಂದಿದ್ದರೆ ನಟ್ಟು ಬಿಗಿಯುವ ಪಾನಾ ಎತ್ತಿ ಒಗೆಯುತ್ತಿದ್ದೆ. ಹೆಂಡತಿ. ನೀರು ಕುಡಿದು ಗಾಡಿ ಒಳಗೆ ತಳ್ಳಿದೆ.

ಹುಬ್ಬಳ್ಳಿ ವರ್ಕ್‌ಶಾಪಿನ ಕೆಲಸ ಬಿಟ್ಟು ಬಂದು ಮೂರು ವರ್ಷವಾಯಿತು. ಸಾಹುಕಾರ ಹಂಪಣ್ಣನವರ ಫ್ಯಾಕ್ಟರಿ, ಅದರ ಹಿಂದಿನ ತಗಡಿನ ಶೆಡ್, ಅವರೇ ಕೊಟ್ಟ ಮನೆ, ಅವರದೇ ಕಬ್ಬಿಣ. ಮೋಟಾರ್‌ಸೈಕಲ್ ಮಾತ್ರ ನನ್ನದು. ಸಿಲಿಂಡರ್ ಕೊರೆದದ್ದು ನಾನು, ಚೌಕಟ್ಟು ಬೆಸೆದದ್ದು ನಾನು. ಗಾಲಿ ಬೊಂಬಾಯಿಯವು — ಒಂದೇ ಜೊತೆ. ಇನ್ನೊಂದು ಜೊತೆ ಕೇಳಿದರೆ ಯುದ್ಧ ಮುಗಿಯುವ ತನಕ ಟೈರಿನ ಮಾತೇ ಎತ್ತಬೇಡಿ ಎಂದು ತಂತಿ ಬಂತು.

ಯಾಕೆ ಕಾಯುತ್ತದೆ? ಗೊತ್ತಿಲ್ಲ. ನಾಳೆ ಮತ್ತೆ ಬಿಚ್ಚಬೇಕು.

೧೧ ಜನವರಿ

ಸಾಹುಕಾರರು ಶೆಡ್ಡಿಗೆ ಬಂದರು. ಕೈಯಲ್ಲಿ ಅಚ್ಚಾದ ಕಾಗದ. ಫೆಬ್ರವರಿಯಲ್ಲಿ ಗಂಗಾವತಿಯಲ್ಲಿ ಕೈಗಾರಿಕಾ ನುಮಾಯಿಷ್, ಅಂದರೆ ವಸ್ತುಪ್ರದರ್ಶನ ಅಂತೆ. ಸಾಬೂನು, ನೇಗಿಲು, ಬೆಂಕಿಪೆಟ್ಟಿಗೆ, ರೇಷ್ಮೆ... ಜೊತೆಗೆ ನಮ್ಮ ಮೋಟಾರ್‌ಸೈಕಲ್.

"ಓಡದ ಗಾಡಿ ಏನಂತ ತೋರಸ್ತೀರಿ?" ಅಂದೆ.

"ತೋರಸಾಕ ಓಡೋದು ಯಾಕ ಬೇಕೋ ಕೊಟ್ರಪ್ಪ? ವಿಲಾಯಿತಿ ಮಾಲು ಬರೋದು ನಿಂತೈತಿ. ಈಗ ಮಂದಿ ಕಣ್ಣಿಗೆ ಬಿದ್ದಾಂವನ ಗೆದ್ದ. ನೀ ಶೆಡ್ಡಿನಾಗ ಕುಂತು ತಿಕ್ಕೋದು ಯಾರಿಗೆ ಕಾಣತೈತಿ?"

"ಮದಲು ಓಡ್ಲಿರಿ. ಓಡಿದ್ರ ರಸ್ತೆ ಮ್ಯಾಲಿನ ಮಂದೀನ ನೋಡ್ತಾರ. ಸ್ಟಾಲ್ ಯಾಕ್ರಿ?"

"ರಸ್ತೆ ಮ್ಯಾಲ ನೋಡೋರು ದನಾ ಕಾಯೋರು. ಸ್ಟಾಲ್‌ನಾಗ ನೋಡೋರು ತಹಸೀಲ್ದಾರ, ಪೊಲೀಸ ಸಾಹೇಬ್ರು."

ವಾದ ಮಾಡಿ ಗಂಟಲು ಒಣಗಿತು. ಆಮೇಲೆ ನೋಡಿದರೆ ಅರ್ಜಿ ಮೊನ್ನೆಯೇ ತುಂಬಿಟ್ಟಿದ್ದಾರೆ, ನನ್ನ ರುಜು ಒಂದೇ ಬಾಕಿ! ಗಾಡಿಯ ಹೆಸರು: ವಾಯುಪುತ್ರ. ತಯಾರಕರು: ಮಿಸ್ತ್ರಿ ಕೊಟ್ರಪ್ಪ. ನನ್ನ ಹೆಸರನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ಎಂದೂ ನೋಡಿರಲಿಲ್ಲ. ಖುಷಿಯಾಯಿತು, ಸುಳ್ಳು ಯಾಕೆ ಬರೆಯಲಿ. ರುಜು ಹಾಕಿದೆ.

೧೪ ಜನವರಿ, ಸಂಕ್ರಾಂತಿ

ಎಳ್ಳು ಹೋಳಿಗೆ ಬಾಯಲ್ಲಿದ್ದಾಗಲೇ ಕರೆ ಬಂತು. ಸಾಹುಕಾರರ ಪಡಸಾಲೆಯಲ್ಲಿ ಕಿನ್ನಾಳದ ವಿರೂಪಾಕ್ಷಮ್ಮ ಕುಳಿತಿದ್ದರು. ಚಿತ್ರಗಾರರ ಮನೆಯ ಮುದುಕಿ. ಮರದ ಗೊಂಬೆ, ದೇವರ ಪಲ್ಲಕ್ಕಿ ಮಾಡುವ ಕೈ. ನನ್ನನ್ನು ನೋಡಿ ಕೇಳಿದರು, "ನಿಮ್ಮ ಇಂಜಿನ್ನಿಗೆ ಎಷ್ಟ ಹಲ್ಲು ಅದಾವಪಾ? ನೋಡಿಕೊಂಡು ಹೋಗಬೇಕು."

ಸಿಲಿಂಡರಿನ ರೆಕ್ಕೆಗಳನ್ನು ಹಲ್ಲು ಅನ್ನುತ್ತಿದ್ದಾರೆ. ಯಾಕೆ ಕೇಳುತ್ತಾರೆ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನನ್ನ ಗಾಡಿಗೆ ಮಸಿ ಹಿಡಿದಿದೆ, ಬೆಸುಗೆ ಗಂಟುಗಂಟು, ಟ್ಯಾಂಕು ಡಬ್ಬಿಯ ತಗಡು. ಅದು ನುಮಾಯಿಷ್‌ಗೆ ಹೋಗುವುದಿಲ್ಲ. ಮರದ್ದೊಂದು ಹೋಗುತ್ತದೆ! ಗಾಲಿ ಮಾತ್ರ ನಿಜವಾದವು.

"ಇದು ಮೋಸ ರೀ," ಅಂದೆ.

"ಮಾದರಿ," ಅಂದರು ಸಾಹುಕಾರರು. "ಬಣ್ಣದ ಮಾದರಿ. ಯಾರಿಗೂ ಹೇಳಬ್ಯಾಡ."

೨೭ ಜನವರಿ

ಗಾಲಿ ಬಿಚ್ಚಿ ಕೊಟ್ಟೆ. ನನ್ನ ಗಾಡಿ ಈಗ ಇಟ್ಟಂಗಿಯ ಮೇಲೆ ಕುಂತಿದೆ. ನೋಡಲಾಗದೆ ಗೋಣಿತಟ್ಟು ಹೊದಿಸಿದೆ.

ಆ ಕಡೆ ಮುದುಕಿಯ ಕೆಲಸ... ಹೊಟ್ಟೆ ಉರಿಯುತ್ತದೆ, ಆದರೂ ಹೇಳಬೇಕು, ಭಲೇ ಕೈ. ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟಿನಲ್ಲಿ ಮರದ ಪುಡಿ ಕಲಸಿ ಸಿಲಿಂಡರಿನ ರೆಕ್ಕೆ ಎಬ್ಬಿಸಿದ್ದಾರೆ. ತವರ ಅರೆದು ಹಚ್ಚಿ ತಿಕ್ಕಿದ್ದಾರೆ, ಪಲ್ಲಕ್ಕಿಗೆ ಹಚ್ಚುವಂತೆ. ನಿಕ್ಕಲ್ ಪಾಲಿಶ್‌ನ ಹೊಳಪು ಇದರ ಮುಂದೆ ಏನೂ ಅಲ್ಲ. ಟ್ಯಾಂಕು ನವಿಲಿನ ಕತ್ತಿನ ಬಣ್ಣ.

"ಮುಂದಿನ ದೀಪಕ್ಕ ಕಣ್ಣು ಬರೀಲೇನು?" ಎಂದು ಕೇಳಿ ನಕ್ಕರು.

"ಬರೀರಿ. ಅದಾದ್ರೂ ನಿಜ ನೋಡ್ಲಿ," ಅಂದೆ.

೮ ಫೆಬ್ರವರಿ, ಗಂಗಾವತಿ, ಮಧ್ಯಾಹ್ನ ೩

ಸ್ಟಾಲ್ ನಂಬರ್ ಹದಿನಾಲ್ಕು. ಸುತ್ತ ಕೆಂಪು ಹಗ್ಗ. "ಮುಟ್ಟಬಾರದು" ಎಂದು ಕನ್ನಡ, ಉರ್ದು ಎರಡರಲ್ಲೂ ಬೋರ್ಡು. ಹಗ್ಗದ ಒಳಗೆ ವಾಯುಪುತ್ರ ಮತ್ತು ನಾನು. ಬೆಳಿಗ್ಗೆ ಎಂಟರಿಂದ ನಿಂತಿದ್ದೇನೆ. ನೀರು ಕುಡಿಯಲೂ ಹೋಗುವ ಹಾಗಿಲ್ಲ — ಯಾರಾದರೂ ಕಿಕ್ ಒದ್ದರೆ ಕಟ್ಟಿಗೆ ಮುರಿದು ಕಾಲಿಗೆ ಬರುತ್ತದೆ.

ಎಲ್ಲರದೂ ಒಂದೇ ಪ್ರಶ್ನೆ: ಚಾಲೂ ಮಾಡಿ ತೋರಿಸಿ. ನನ್ನದೂ ಒಂದೇ ಉತ್ತರ: ಪೆಂಡಾಲಿನೊಳಗೆ ಪೆಟ್ರೋಲ್ ತರಬಾರದು, ಬೆಂಕಿ ಅಪಾಯ. ಉಳಿದ ಪ್ರಶ್ನೆಗಳಿಗೆ ನಿಜವನ್ನೇ ಹೇಳುತ್ತೇನೆ. ನನ್ನ ಇಂಜಿನ್ನಿನ ಅಳತೆ, ನನ್ನ ಪಿಸ್ಟನ್ನು, ನನ್ನ ಮೂರು ವರ್ಷ. ಮಂದಿ ಕೇಳಿ ತಲೆದೂಗುತ್ತಾರೆ, ನೋಡುವುದು ಮಾತ್ರ ಆ ನವಿಲು ಬಣ್ಣವನ್ನ.

೧೦ ಫೆಬ್ರವರಿ

ಸಿಕ್ಕಿಬಿದ್ದೆ.

ಕೊಪ್ಪಳ-ಗಂಗಾವತಿ ಬಸ್ಸಿನ ಡ್ರೈವರ್ ರಸೂಲಸಾಬ. ಹಗ್ಗದ ಆಚೆ ಕುಕ್ಕರಗಾಲಲ್ಲಿ ಕುಂತು ಗಾಡಿಯ ತಳಕ್ಕೆ ಹಾಸಿದ ಬಿಳಿ ಬಟ್ಟೆಯನ್ನೇ ನೋಡುತ್ತಿದ್ದ. ಆಮೇಲೆ ಮೆಲ್ಲಗೆ, "ಮಿಸ್ತ್ರಿಯವರ, ನಿಮ್ಮ ಗಾಡಿ ಎಣ್ಣಿ ಸೋರಂಗಿಲ್ಲೇನ್ರಿ? ಇಪ್ಪತ್ತ ವರ್ಷ ಸ್ಟೇರಿಂಗ್ ಹಿಡದೀನಿ. ಒಂದು ಹನಿ ಸೋರದ ಇಂಜಿನ್ ನಾ ಕಂಡಿಲ್ಲ."

ನಾನು ಬಾಯಿ ತೆರೆಯುವ ಮೊದಲೇ ಕೈ ಚಾಚಿ ಟ್ಯಾಂಕಿಗೆ ಉಗುರಿನಿಂದ ಬಡಿದ. ಟಕ್ ಟಕ್. ಮರದ ತೊಟ್ಟಿಲು ಬಡಿದಂತೆ.

ಈಗ ಕೂಗುತ್ತಾನೆ, ಪೊಲೀಸರು ಬರುತ್ತಾರೆ ಅಂದುಕೊಂಡೆ. ಕೂಗಲಿಲ್ಲ. ಹೊರಗೆ ಹೋಗಿ ಎರಡು ಚಹಾ ತಂದ. "ಖರೇ ಗಾಡಿ ಎಲ್ಲೈತಿ?"

ಹೇಳಿಬಿಟ್ಟೆ. ಶೆಡ್ಡು, ಇಟ್ಟಂಗಿ, ಮೂರನೇ ಮೈಲಿಗಲ್ಲು, ಎಲ್ಲ. ಅವನು ನಗಲಿಲ್ಲ. ಎಣ್ಣೆ ಮೇಲೆ ಏರುವ ದಾರಿ ಹೇಗೆ ಮಾಡಿದ್ದೀರಿ ಎಂದು ಕೇಳಿದ. ಹೇಳಿದೆ. "ದಂಡ ತಿರುಗೋ ಬುಷ್‌ನಾಗ ಎಣ್ಣಿ ಹರಿಯಾಕ ಗೆರಿ ಕೊರದೀರೇನು?" ಇಲ್ಲ. "ಕೊರೀರಿ. ನನ್ನ ಬಸ್ಸೂ ಹಿಂಗ ಬಿಗೀತಿತ್ತು. ಒಂದು ಗೆರಿ, ಅಷ್ಟ."

ಒಂದು ಗೆರೆ! ಮೂರು ವರ್ಷದಲ್ಲಿ ಹೊಳೆಯದ್ದು. ನುಮಾಯಿಷ್‌ಗೆ ಬಾರದೆ ಇದ್ದಿದ್ದರೆ ಇವನು ಸಿಗುತ್ತಿರಲಿಲ್ಲ. ಸಾಹುಕಾರರ ವಾದಕ್ಕೆ ಇಷ್ಟರ ಮಟ್ಟಿಗೆ ಸೋತೆ, ಏನು ಮಾಡಲಿ.

೧೧ ಫೆಬ್ರವರಿ

ಬೆಳಿಗ್ಗೆ ಮರದ ಇಂಜಿನ್ನಿನ ಕೆಳಗೆ ಬಟ್ಟೆಯ ಮೇಲೆ ನಾಲ್ಕು ಹನಿ ಎಣ್ಣೆ ಹಾಕಿದೆ. ದಿನಾ ಹಾಕಬೇಕು. ನಾಚಿಕೆಯಾಗುತ್ತದೆ.

೧೬ ಫೆಬ್ರವರಿ

ಪದಕ ಬಂತು. ಬೆಳ್ಳಿಯದು. ನನ್ನ ಹೆಸರು ಕೆತ್ತಿದ್ದಾರೆ. ತಹಸೀಲ್ದಾರ ಸಾಹೇಬರು ಕೈ ಕುಲುಕಿ, ಒಮ್ಮೆ ಕೊಪ್ಪಳಕ್ಕೆ ಬಂದು ಓಡುವುದನ್ನು ನೋಡುತ್ತೇನೆ ಅಂದರು. ಸಾಹುಕಾರರು ನನಗಿಂತ ಮೊದಲು "ಅವಶ್ಯ ಬರ್ರಿ" ಅಂದರು.

೯ ಮಾರ್ಚ್, ಕೊಪ್ಪಳ

ಇಪ್ಪತ್ತು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ಬುಷ್‌ನಲ್ಲಿ ಗೆರೆ ಕೊರೆದು ಮುಗಿದು ಎರಡು ವಾರವಾಯಿತು. ಇಂಜಿನ್ ನಿಂತಲ್ಲಿಯೇ ಅರ್ಧ ಗಂಟೆ ಓಡಿತು, ಬಿಗಿಯಲಿಲ್ಲ. ರಸ್ತೆಗೆ ಇಳಿಸೋಣವೆಂದರೆ ಗಾಲಿ ಇಲ್ಲ.

ಗಾಲಿ ಸಾಹುಕಾರರ ಪಡಸಾಲೆಯಲ್ಲಿವೆ, ಮರದ ಗಾಡಿಯ ಕೆಳಗೆ. ಮೇಲೆ ಮಖಮಲ್ಲಿನ ಹೊದಿಕೆ, ಹೂವಿನ ಹಾರ. ಕುಕನೂರಿನಿಂದ ಬಂದು ನೋಡುತ್ತಾರೆ, ತಾವರಗೇರಾದಿಂದ ಬಂದು ನೋಡುತ್ತಾರೆ. ಸಾಹುಕಾರರೇ ಹೊದಿಕೆ ಸರಿಸಿ ತೋರಿಸಿ, ಮತ್ತೆ ಮುಚ್ಚುತ್ತಾರೆ.

ಇವತ್ತು ಮತ್ತೆ ಕೇಳಿದೆ. "ಗಾಲಿ ಕೊಡ್ರಿ. ಒಂದು ದಿನ."

"ನಿನ್ನ ಗಾಡಿ ಇದರಂಗ ಕಾಣಂಗಿಲ್ಲಲ್ಲೋ. ಪದಕ ಬಂದದ್ದು ಇದಕ್ಕ. ನಿಂದು ಹೊರಗ ಬಂದ್ರ ಮಂದಿ ಏನಂತಾರ? ಮದಲು ಇದರಂಗ ಮಾಡು, ಆಮ್ಯಾಲ ನೋಡೋಣು."

ಮುದುಕಿಯ ಟ್ಯಾಂಕಿನೊಳಗೆ ಒಂದು ಲೋಟ ಪೆಟ್ರೋಲೂ ಹಿಡಿಯುವುದಿಲ್ಲ. ಆ ಸಿಲಿಂಡರಿನಲ್ಲಿ ಪಿಸ್ಟನ್ ಆಡಲು ಜಾಗವಿಲ್ಲ. ಅದರಂತೆ ನನ್ನದು ಆಗಬೇಕಂತೆ! ನಾನು ಮಾಡಿದ್ದನ್ನು ನೋಡಿ ಗೊಂಬೆ ಮಾಡಿದರು. ಈಗ ಗೊಂಬೆ ನೋಡಿ ನಾನು ಮಾಡಬೇಕು. ತಲೆ ಕೆಟ್ಟುಹೋಯಿತು. ಪದಕವನ್ನು ಅಕ್ಕಿಯ ಡಬ್ಬಿಯಲ್ಲಿ ಹಾಕಿದೆ, ಕಣ್ಣಿಗೆ ಬೀಳದಿರಲಿ.

೨೦ ಮಾರ್ಚ್, ಗುರುವಾರ

ಓಡಿತು.

ಸಾಹುಕಾರರು ಮನೆಮಂದಿ ಸಹಿತ ಕುಷ್ಟಗಿಗೆ ಮದುವೆಗೆ ಹೋಗಿದ್ದರು. ಶಂಕ್ರಮ್ಮನೇ ಹೇಳಿದಳು, "ಪಡಸಾಲಿ ಕಸಾ ಹೊಡಿಯಾಕ ಕೀಲಿ ನನ್ನ ಕೈಯಾಗ ಕೊಟ್ಟು ಹೋಗ್ಯಾರ. ಏನ್ ಮಾಡ್ತೀರೋ ಮಾಡ್ರಿ."

ಗಾಲಿ ಬಿಚ್ಚಿ ತಂದು ನನ್ನ ಗಾಡಿಗೆ ಬಿಗಿದು ಹೊರಟೆ. ಮೂರನೇ ಮೈಲಿಗಲ್ಲು ಬಂತು. ದಾಟಿತು! ನಾಲ್ಕು, ಐದು, ಗಿಣಿಗೇರಾ. ನಿಲ್ಲಿಸಲೇ ಇಲ್ಲ. ಊರ ಮುಂದೆ ಬಾವಿಯ ಹತ್ತಿರ ತಿರುಗಿಸಿಕೊಂಡು ಅದೇ ಓಟದಲ್ಲಿ ವಾಪಸು. ಗಾಳಿಗೆ ಕಣ್ಣಲ್ಲಿ ನೀರು. ಗಾಳಿಗೇ ಎಂದು ಬರೆದಿದ್ದೇನೆ, ಆದರೆ ಅತ್ತದ್ದು ನಿಜ. ಗಟ್ಟಿಯಾಗಿ ಅತ್ತೆ, ಇಂಜಿನ್ ಸದ್ದಿನಲ್ಲಿ ಯಾರಿಗೆ ಕೇಳಬೇಕು.

ಶೆಡ್ಡಿನ ಮುಂದೆ ಇಳಿದಾಗ ಶಂಕ್ರಮ್ಮ ಬಾಗಿಲಲ್ಲಿದ್ದಳು. ಎಮ್ಮಿ ಅನ್ನಲಿಲ್ಲ. "ನನ್ನೂ ಕುಂಡ್ರಿಸಿಕೊಂಡು ಹೋಗಬೇಕಿತ್ರಿ," ಅಂದಳು.

೨೧ ಮಾರ್ಚ್

ಗಾಲಿ ತೊಳೆದೇ ವಾಪಸು ಹಾಕಿದ್ದೆ. ಟೈರಿನ ಗೆರೆಯೊಳಗೆ ಕೆಂಪು ಮಣ್ಣು ಉಳಿದಿತ್ತು. ಸಾಹುಕಾರರು ಬಂದವರೇ ನೋಡಿದರು.

ಬೈಯಲಿಲ್ಲ. ಅದೇ ಹೆದರಿಕೆ. ಕೂಡಿಸಿಕೊಂಡು ಹೇಳಿದರು, "ಬರೋ ವರ್ಷ ಹೈದರಾಬಾದಿನ ದೊಡ್ಡ ನುಮಾಯಿಷ್‌ಗೆ ಹೆಸರು ಕೊಟ್ಟೀನಿ. ಅಲ್ಲೀತನಕ ನಿಂದು ಹೊರಗ ಬರಬಾರದು. ಗುಟ್ಟು ಬಯಲಾದ್ರ ಜೇಲಿಗೆ ಹೋಗಾಂವ ಯಾರು? ಕಾಗದದಾಗ ಹಂಪಣ್ಣ ಅಂತ ಎಲ್ಲ್ಯಾರ ಐತೇನು?"

ಇಲ್ಲ. ಅರ್ಜಿಯಲ್ಲಿ ಇಲ್ಲ, ಪದಕದಲ್ಲಿ ಇಲ್ಲ. ಎಲ್ಲ ಕಡೆ ಕೊಟ್ರಪ್ಪ. ನಾನೇ ರುಜು ಹಾಕಿದ್ದು, ಖುಷಿಪಟ್ಟು.

ಶೆಡ್ಡಿಗೆ ಬೀಗ ಬಿತ್ತು.

೩೧ ಮಾರ್ಚ್

ಯುಗಾದಿ ಬಂದು ಹೋಯಿತು. ಊಟ ಸೇರುವುದಿಲ್ಲ. ಬಾಗಿಲ ಸಂದಿಯಿಂದ ನೋಡಿದರೆ ಗೋಣಿತಟ್ಟು ಕಾಣುತ್ತದೆ, ಅಷ್ಟೆ.

ತಹಸೀಲ್ದಾರ ಸಾಹೇಬರು ನಾಡಿದ್ದು ಬರುತ್ತಾರಂತೆ. ಸಾಹುಕಾರರ ಉಪಾಯ ತಯಾರಿದೆ: ಮಿಸ್ತ್ರಿ ಯಲಬುರ್ಗಾಕ್ಕೆ ಹೋಗಿದ್ದಾನೆ, ಅವನ ಹೊರತು ಯಾರೂ ಚಾಲೂ ಮಾಡುವಂತಿಲ್ಲ, ಗಾಡಿಯನ್ನು ನೋಡಿಕೊಂಡು ಹೋಗಿ. ನನ್ನನ್ನು ಶೆಡ್ಡಿನೊಳಗೆ ಹಾಕಿ ಹೊರಗಿನಿಂದ ಬೀಗ ಹಾಕುತ್ತಾರೆ. ಸದ್ದು ಮಾಡದೆ ಇರಬೇಕು.

"ಆಗ್ಲಿರಿ," ಅಂದೆ. ಇಷ್ಟು ಸುಲಭವಾಗಿ ಒಪ್ಪಿದೆನಲ್ಲ ಎಂದು ಅವರಿಗೇ ಸೋಜಿಗ.

ಸಂಜೆ ಬಸ್ ಸ್ಟ್ಯಾಂಡಿಗೆ ಹೋಗಿ ರಸೂಲಸಾಬನನ್ನು ಕಂಡೆ. ಶಂಕ್ರಮ್ಮನಿಗೂ ಎಲ್ಲ ಹೇಳಿದೆ, ಜೇಲಿನ ಮಾತು ಸಹಿತ. "ಜೇಲಿಗೆ ಬುತ್ತಿ ನಾ ತರ್ತೀನಿ. ಕಟಗಿ ಗಾಡಿ ಮಿಸ್ತ್ರಿ ಅನಿಸಿಕೊಂಡು ಮಾತ್ರ ಇರಬ್ಯಾಡ್ರಿ," ಅಂದಳು.

೨ ಏಪ್ರಿಲ್, ಬೆಳಿಗ್ಗೆ ೯-೪೦, ಶೆಡ್

ಬೀಗ ಹೊರಗಿದೆ. ನಾನು ಒಳಗೆ, ನನ್ನ ಗಾಡಿಯ ಜೊತೆ. ಗಾಡಿಗೆ ಗಾಲಿ ಇವೆ.

ಬೆಳಗಿನ ಜಾವ ಸಾಹುಕಾರರು ಪೂಜೆಗೆ ಕುಳಿತಾಗ ಪಡಸಾಲೆಗೆ ಹೋಗಿ ಬಿಚ್ಚಿದೆ. ಶಂಕ್ರಮ್ಮ ಇಟ್ಟಂಗಿ ಕೊಟ್ಟಳು, ಮರದ ಗಾಡಿಯ ಕೆಳಗೆ ಒಂದರ ಮೇಲೊಂದು ಪೇರಿಸಿದೆ. ಹೊದಿಕೆ ನೆಲದ ತನಕ ಇಳಿಯುತ್ತದೆ, ಏನೂ ಕಾಣುವುದಿಲ್ಲ. ಹಾರವನ್ನು ಸರಿಯಾಗಿ ಹಾಕಿ ಬಂದೆವು. ಗಾಲಿಯನ್ನು ಹಿಂದಿನ ಗೋಡೆಯ ತಗಡಿನ ಸಂದಿಯಿಂದ ಶೆಡ್ಡಿನೊಳಗೆ, ಗೋಣಿತಟ್ಟಿನ ಕೆಳಗೆ ತೂರಿಸಿದೆ. ಎಂಟಕ್ಕೆ ಸಾಹುಕಾರರು ಬಂದು ನನ್ನನ್ನು ಒಳಗೆ ಹಾಕಿದರು. ಗೋಣಿತಟ್ಟಿನ ಕೆಳಗೆ ನೋಡಲಿಲ್ಲ.

ಗಾಲಿ ಬಿಗಿದೆ. ಹಿಂದಿನ ತಗಡಿನ ರಿವೆಟ್ ಎಂಟೂ ಕಿತ್ತಿದ್ದೇನೆ. ಒದ್ದರೆ ಬೀಳುತ್ತದೆ. ಅಲ್ಲಿಂದ ಫ್ಯಾಕ್ಟರಿ ಅಂಗಳ, ಅಂಗಳದಿಂದ ಪಡಸಾಲೆಯ ಮುಂದೆ. ಬಸ್ಸನ್ನು ಅಲ್ಲೇ ನಿಲ್ಲಿಸುತ್ತೇನೆ, ಒಂದು ಬಸ್ಸು ಮಂದಿ ಸಾಕ್ಷಿ ಇರಲಿ ಎಂದು ರಸೂಲಸಾಬ ಹೇಳಿದ್ದಾನೆ. ಸಾಹೇಬರು ಹೊದಿಕೆಗೆ ಕೈ ಹಾಕಿದಾಗ ಎರಡು ಹಾರ್ನ್ ಹೊಡೆಯುತ್ತಾನೆ; ಅದೇ ನಾನು ಹೊರಡುವ ಸನ್ನೆ.

ಹೆದರಿಕೆ ಇದೆ. ಜೇಲಾದರೆ ಆಗಲಿ. ಓಡುವ ಗಾಡಿಯ ಮಿಸ್ತ್ರಿಯಾಗಿ ಹೋಗುತ್ತೇನೆ.

ಕಾರು ಬಂತು. ಸಾಹುಕಾರರ ದನಿ ಇಲ್ಲಿಯ ತನಕ ಕೇಳುತ್ತಿದೆ. "ಮಿಸ್ತ್ರಿ ಯಲಬುರ್ಗಾಕ್ಕ ಹೋಗ್ಯಾನ್ರಿ ಸಾಹೇಬ್ರ, ಇಲ್ಲಂದ್ರ ಈಗ ಓಡಿಸಿ ತೋರಸ್ತಿದ್ದ..."

ಪೆಟ್ರೋಲಿನ ನಲ್ಲಿ ತಿರುಗಿಸಿದೆ. ಇಂಜಿನ್ನಿನ ಕೆಳಗೆ ನೆಲದ ಮೇಲೆ ಎಣ್ಣೆ ಬಿದ್ದಿದೆ, ನಾಲ್ಕೈದು ಹನಿ. ನಾನು ಹಾಕಿದ್ದಲ್ಲ.

ಒಂದು ಹಾರ್ನ್ ಆಯಿತು. ಇನ್ನೊಂ