ಅಪ್ಪ ಕಟ್ಟಿದ ಕೈ

ಡರ್ಬಿ, ಜೂನ್ ೧೯೨೭

ಹೆಟ್ಟಿ ಅಕ್ಕನಿಗೆ,

ಶನಿವಾರದ ಪೇಪರು ಮನೆಗೆ ಬಂದಿದ್ದರೆ ಒಲೆಗೆ ಹಾಕು. ಅಪ್ಪನಿಗೆ ಓದಲು ಬಾರದು, ಆದರೆ ಪಬ್ಬಿನಲ್ಲಿ ಓದಿ ಹೇಳುವವರಿದ್ದಾರೆ. ಅವರ ಬಾಯಿಯನ್ನೂ ನೀನೇ ಮುಚ್ಚಿಸಬೇಕು.

ಕೌಂಟಿ ತಂಡಕ್ಕೆ ನಾನಿನ್ನು ಬೇಡವಂತೆ. ಮೂರನೇ ಪಂದ್ಯದಲ್ಲಿ ಅಂಪೈರು ಒಂದೇ ಸಮನೆ ನೋ-ಬಾಲ್ ಕೂಗಿದ. ನಾನು ಬೌಲ್ ಮಾಡುತ್ತಿಲ್ಲ, ಮೊಣಕೈ ಮಡಚಿ ಎಸೆಯುತ್ತಿದ್ದೇನೆ ಎಂದು ಅವನ ತೀರ್ಪು. ಕೆಟ್ಟವನಲ್ಲ, ಪಾಪ. ಹತ್ತಿರ ಬಂದು, "ಕೈ ನೆಟ್ಟಗೆ ಚಾಚಪ್ಪಾ, ನಾನ್ಯಾಕೆ ಕೂಗ್ಲಿ" ಅಂದ. "ಇದು ಇಷ್ಟೇ ಚಾಚೋದು ಸಾರ್" ಅಂದೆ.

ಚಿಕ್ಕವನಿದ್ದಾಗ ಗಣಿಯ ದಿಬ್ಬದಿಂದ ಬಿದ್ದು ಮೊಣಕೈ ಮುರಿದುಕೊಂಡಿದ್ದೆನಲ್ಲ. ಆಗ ಡಾಕ್ಟರನ್ನು ಕರೆಸದೆ ಅಪ್ಪನೇ ಸೇಬಿನ ಪೆಟ್ಟಿಗೆ ಸೀಳಿ, ಪಟ್ಟಿ ಕಟ್ಟಿದ್ದ. ಮೂಳೆ ಸೊಟ್ಟಗೇ ಕೂಡಿಕೊಂಡಿತು. ಕೌಂಟಿಗೆ ನಾನು ಆಯ್ಕೆಯಾದ ದಿನ ಪಬ್ಬಿನಲ್ಲಿ ಅಪ್ಪ ನನ್ನ ತೋಳು ಎತ್ತಿ ಹಿಡಿದು, "ಡಾಕ್ಟ್ರು ಮುಟ್ಟಿದ್ರೆ ಚೆಂಡು ಹಿಂಗೆ ತಿರುಗ್ತಿತ್ತೇನ್ರಯ್ಯಾ? ಈ ಕೈ ನಾನು ಕಟ್ಟಿದ್ದು" ಅಂದಿದ್ದ. ಅಮ್ಮ ಹೋದ ಮೇಲೆ ಅವನು ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಅಪ್ಪ ಕೇಳಿದರೆ ನನ್ನ ಮಂಡಿ ಕೆಟ್ಟಿತು ಅನ್ನು. ಮಂಡಿ ಕೆಟ್ಟವರನ್ನು ಗಣಿಯೊಳಗೆ ಇಳಿಸುವುದಿಲ್ಲ. ಹಾಗಾಗಿ ನಾನು ಊರಿಗೆ ಬಂದಾಗ ನನಗೆ ಮೇಲೆ, ಮುದುಕರ ಜೊತೆ ಕಲ್ಲಿದ್ದಲು ಆರಿಸುವ ಕೆಲಸವನ್ನೇ ಕೊಡಲಿ ಎಂದು ಮೇಸ್ತ್ರಿ ಟಾಲಿಸ್‌ಗೆ ಹೇಳಿಡು.

ಎಡಗಾಲಿನ ಮಂಡಿ, ಮರೆಯಬೇಡ. ರೈಲಿಳಿದ ಕಡೆಯಿಂದಲೇ ಕುಂಟುತ್ತ ಬರುತ್ತೇನೆ.

ನಿನ್ನ ತಮ್ಮ,
ವಿಲ್ಫ್